ಸಾವಿರದ ಓಲೆಗೆ ಒಂದು ಶಾಲು

ಶ್ರೀಮಠದ ಆಶ್ರಯದಲ್ಲಿ ನಡೆದುಬಂದಿರುವ ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಶಿಕ್ಷಣದ ಧ್ಯೇಯವನ್ನು ಕುರಿತೋ ಶಿಸ್ತಿನ ಮಹತ್ವವನ್ನು ಕುರಿತೋ ಬರೆಯುವುದು ನನ್ನಂಥ ನಿವೃತ್ತ ಅಧ್ಯಾಪಕನಿಗೆ ಸಹಜವಾಗಿತ್ತು. ಆದರೆ ಬಹುದಿನಗಳಿಂದ ನನ್ನ ಮನಸ್ಸನ್ನು ಕಾಡುತ್ತಿರುವ ಒಂದು ಸಣ್ಣ ಪ್ರಸಂಗವಿದೆ. ಅದರಲ್ಲಿ ಈ ಎರಡು ವಿಷಯಗಳೂ ಅಡಗಿವೆಯೆಂದು ನನಗೆ ತೋರುವುದರಿಂದ ಅದನ್ನೇ ವಾಚಕರ ಮುಂದಿಡಲು ಧೈರ್ಯ ಮಾಡಿದ್ದೇನೆ.

2018ರ ಕಾರ್ತಿಕ ಮಾಸದ ಒಂದು ಸಂಜೆ. ಮೊಳಕಾಲ್ಮೂರಿನಲ್ಲಿ ಮಗ್ಗದ ಕೆಲಸ ಮಾಡುವ, ನಮ್ಮ ಶಾಲೆಯಲ್ಲಿ ಹಿಂದೆ ಓದಿದ ಒಬ್ಬರಿಗೆ ಅವರ ಗೆಳೆಯರು ಒಂದು ಸನ್ಮಾನವನ್ನು ಏರ್ಪಡಿಸಿದ್ದರು. ಆಕಾಶವಾಣಿಯ ಹಾಡುಗಳನ್ನು ಕೇಳುವುದು, ತ.ರಾ.ಸು. ಅವರ ಕಾದಂಬರಿಗಳನ್ನು ಓದುವುದು, ಕೇಳಿದ್ದನ್ನೂ ಓದಿದ್ದನ್ನೂ ಕುರಿತು ಪತ್ರ ಬರೆಯುವುದು, ಇಷ್ಟೇ ಆ ಗೆಳೆಯರ ಬಳಗದ ಉದ್ಯೋಗ. ಅದಕ್ಕೆ ಹೆಸರಿಲ್ಲ, ನೋಂದಣಿಯಿಲ್ಲ, ಅಧ್ಯಕ್ಷರಿಲ್ಲ. ಆ ದಿನ ಸನ್ಮಾನಕ್ಕೆ ಕಾರಣವಾದದ್ದು ಆತನ ಸಾವಿರದ ಪತ್ರ. ಒಂದು ಶಾಲು, ಒಂದು ಹಾರ, ಒಂದು ತಟ್ಟೆ ಹಣ್ಣು. ಕುಳಿತವರು ನಲವತ್ತು ಮಂದಿ. ಆತನಿಗೆ ಪಾಠ ಹೇಳಿದವನೆಂಬ ಕಾರಣಕ್ಕೆ ನನ್ನನ್ನೂ ಕರೆದಿದ್ದರು.

ಶಾಲು ಹೊದಿಸುತ್ತಿದ್ದಾಗ ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಊರಿನಲ್ಲಿ ಗಣ್ಯರು, ಧರ್ಮಕಾರ್ಯಗಳಿಗೆ ಕೈಬಿಚ್ಚಿ ಕೊಡುವವರು, ನನ್ನ ಕಿವಿಯಲ್ಲಿ ಹೇಳಿದರು: “ಅಲ್ಲ ಮೇಷ್ಟ್ರೇ, ಸಾವ್ರ ಕಾಗ್ದ ಬರ್ದು ಇವ್ನು ಏನ್ ಕಡ್ದಾಕಿದ್ದಾನೆ ಅಂತ ಈ ಶಾಲು?”

ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಬರೆಯುತ್ತಿರುವುದು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಪ್ರಶ್ನೆ ಕೇಳಿದವರನ್ನು ನಾನು ತಪ್ಪೆಣಿಸುವುದಿಲ್ಲ. ಅವರು ಕೇಳಿದ್ದು ಕೇಳಬೇಕಾದ ಪ್ರಶ್ನೆಯೇ ಆಗಿತ್ತು.

ಎಣಿಕೆ ಎಂಬುದು ನಮ್ಮ ಜನಕ್ಕೆ ಹೊಸದಲ್ಲ. ಲಕ್ಷ ಜಪ, ಕೋಟಿ ನಾಮಲೇಖನ, ಶತದಿನೋತ್ಸವ, ಬೆಳ್ಳಿ ಹಬ್ಬ, ಸುವರ್ಣ ಮಹೋತ್ಸವ ಇವೆಲ್ಲ ಎಣಿಕೆಯ ಹಬ್ಬಗಳೇ. ಈ ಸಂಚಿಕೆಯೂ ಎಣಿಕೆಯ ಕೂಸೇ ಅಲ್ಲವೆ? ಆದರೆ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಎಣಿಕೆಯ ವಿಷಯದಲ್ಲಿ ಒಂದು ಎಚ್ಚರವಿರಬೇಕಾಗುತ್ತದೆ. ಆಯ್ದಕ್ಕಿ ಮಾರಯ್ಯನ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದವಳು ಅವನ ಮಡದಿ ಲಕ್ಕಮ್ಮ. ಹೆಚ್ಚು ತಂದದ್ದೇ ಪುಣ್ಯವೆಂದು ಅವಳು ಎಣಿಸಲಿಲ್ಲ. ಮಿಗಿಲಾದ ಎಣಿಕೆಯಲ್ಲಿ ಆಸೆಯ ನೆರಳನ್ನು ಕಂಡಳು. ಅವಳ ಹೆಸರಿನಲ್ಲಿ ನಮಗೆ ಉಳಿದಿರುವ ವಚನಗಳು ಸುಮಾರು 25. ಬಸವಣ್ಣನವರ ವಚನಗಳು 1,400ಕ್ಕೂ ಮಿಕ್ಕಿ ದೊರೆತಿವೆ. ಸೂಳೆ ಸಂಕವ್ವೆಯ ಹೆಸರಿನಲ್ಲಿ ದೊರೆತಿರುವುದು ಒಂದೇ ಒಂದು ವಚನ. ಸರ್ಕಾರವು 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿದಾಗ ಸಾವಿರ ನುಡಿದವರಿಗೂ ಒಂದು ನುಡಿದವಳಿಗೂ ಆ ಸಾಲಿನಲ್ಲಿ ಜಾಗ ದೊರೆಯಿತು. ಅನುಭವ ಮಂಟಪದಲ್ಲಿ ಸಂಖ್ಯೆಯನ್ನು ನೋಡಿ ಆಸನ ಹಾಕಲಿಲ್ಲವೆಂದೇ ನಾವು ನಂಬಿದ್ದೇವೆ.

ಹಾಗಾದರೆ ಸಾವಿರದ ಪತ್ರಕ್ಕೆ ಶಾಲು ಹೊದಿಸಿದ್ದು ಶರಣರ ನೀತಿಗೆ ವಿರುದ್ಧವಾಯಿತೆ? ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ. ಆದರೆ ಇನ್ನೊಂದು ಮುಖವನ್ನೂ ವಿಚಾರ ಮಾಡಬೇಕು.

ಸಾವಿರ ಪತ್ರವೆಂದರೆ, ವಾರಕ್ಕೊಂದರಂತೆ ತಪ್ಪದೆ ಬರೆದರೂ ಹತ್ತೊಂಬತ್ತು ವರ್ಷಗಳಿಗೆ ಮಿಕ್ಕಿದ ಕೆಲಸ. ಈ ಹತ್ತೊಂಬತ್ತು ವರ್ಷಗಳಲ್ಲಿ ನಮ್ಮ ಸೀಮೆಗೆ ಎಷ್ಟು ಬರಗಾಲಗಳು ಬಂದುಹೋದುವು, ಶೇಂಗಾ ಬೆಳೆ ಎಷ್ಟು ಸಲ ಕೈಕೊಟ್ಟಿತು, ರೇಷ್ಮೆಯ ಬೆಲೆ ಏರಿ ಎಷ್ಟು ಮಗ್ಗಗಳು ಮೌನವಾದುವು ಎಂಬುದನ್ನು ಬಲ್ಲವರೇ ಬಲ್ಲರು. ಅಂಥ ವರ್ಷಗಳಲ್ಲಿ ಒಂದು ಕಾರ್ಡನ್ನು ಕೊಂಡು, ದಿನದ ದುಡಿಮೆ ಮುಗಿದ ಮೇಲೆ ಕುಳಿತು, ಯಾರದೋ ಹಾಡು ಚೆನ್ನಾಗಿತ್ತೆಂದು ನಾಲ್ಕು ಸಾಲು ಬರೆಯುವುದಕ್ಕೆ ಬೇಕಾದದ್ದು ಬರಿಯ ಹವ್ಯಾಸವಲ್ಲ, ನಿಷ್ಠೆ. ಎಣಿಕೆ ಇಲ್ಲಿ ಗುರಿಯಾಗಿರಲಿಲ್ಲ; ನಿಷ್ಠೆಯ ನೆರಳಾಗಿ ಅದು ತಾನೇ ಹಿಂಬಾಲಿಸಿತು. ಮಗ್ಗದ ಮುಂದೆ ಕುಳಿತವನು ಎಳೆಗಳನ್ನು ಎಣಿಸಲೇಬೇಕು. ಎಣಿಕೆ ತಪ್ಪಿದರೆ ಅಂಚು ಕೆಡುತ್ತದೆ. ಆದರೆ ಸೀರೆಯನ್ನು ಉಡುವವಳು ಎಳೆಗಳ ಸಂಖ್ಯೆಯನ್ನು ಉಡುವುದಿಲ್ಲ. 2011ರಲ್ಲಿ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತದ್ದು ಕೂಡ ನೆಯ್ದ ಸೀರೆಗಳ ಲೆಕ್ಕಕ್ಕಲ್ಲ, ತಲೆಮಾರುಗಳಿಂದ ಕೆಡದೆ ಉಳಿದುಬಂದ ಕೈಗುಣಕ್ಕೆ.

ಸನ್ಮಾನಕ್ಕೆ ಉತ್ತರವಾಗಿ ಆತನು ಆಡಿದ ಮಾತು ಚಿಕ್ಕದು. ತನ್ನೊಂದಿಗೆ ತಂದಿದ್ದ ಹಳೆಯ ಲೆಕ್ಕದ ಪುಸ್ತಕವೊಂದನ್ನು ತೆರೆದು ತೋರಿಸಿದನು. ಯಾವ ದಿನ, ಯಾರಿಗೆ, ಯಾವ ವಿಷಯ ಎಂದು ಪ್ರತಿಯೊಂದು ಪತ್ರಕ್ಕೂ ಒಂದು ಸಾಲು. ಅಚ್ಚಾದವುಗಳ, ಬಾನುಲಿಯಲ್ಲಿ ಓದಲ್ಪಟ್ಟವುಗಳ ಮುಂದೆ ಒಂದು ಚುಕ್ಕೆ. ಚುಕ್ಕೆಗಳು ನೂರೈವತ್ತನ್ನು ದಾಟಿರಲಿಲ್ಲ. “ಓದಿಸಿಕೊಂಡವು ಇಷ್ಟು, ಉಳಿದವೆಲ್ಲ ನನ್ನಿಂದ ಬರೆಸಿಕೊಂಡವು. ಮೊದಲನೇ ಕಾಗದದಲ್ಲಿ ಆರು ತಪ್ಪಿತ್ತು, ನಮ್ಮ ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿ ಇನ್ನೊಂದು ಕಾರ್ಡಿಗೆ ತಾವೇ ಕಾಸು ಕೊಟ್ಟಿದ್ದರು” ಎಂದು ಹೇಳಿ ಕುಳಿತನು. ಆ ಕಾರ್ಡಿನ ವಿಷಯ ನನಗೆ ಮರೆತೇ ಹೋಗಿತ್ತು. ಅಧ್ಯಾಪಕ ಮಿತ್ರರು ಇದನ್ನು ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ. ನಾವು ತಿದ್ದಿ ಮರೆತದ್ದನ್ನು ನೆನಪಿಟ್ಟು ಬೆಳೆಸುವವರು ತರಗತಿಯ ಯಾವ ಮೂಲೆಯಲ್ಲಿ ಕುಳಿತಿರುತ್ತಾರೋ ನಮಗೆ ತಿಳಿಯುವುದಿಲ್ಲ.

ಅಭಿಮಾನಿಗಳ ಪತ್ರಗಳಿಂದ ಊರಿಗೆ ಊರೇ ಹೆಸರಾದ ಉದಾಹರಣೆಯುಂಟು. 1952ರಲ್ಲಿ ಸಿಲೋನ್ ರೇಡಿಯೋದಿಂದ ಬಿನಾಕಾ ಗೀತಮಾಲಾ ಎಂಬ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಆರಂಭವಾಯಿತು. ಅದನ್ನು ನಡೆಸಿಕೊಟ್ಟ ಅಮೀನ್ ಸಯಾನಿ 2024ರಲ್ಲಿ ತೀರಿಕೊಂಡರು. ಇಂದು ಝಾರ್ಖಂಡ ರಾಜ್ಯಕ್ಕೆ ಸೇರಿರುವ, ಅಭ್ರಕದ ಗಣಿಗಳ ನಡುವಿನ ಝುಮ್ರಿ ತಿಲೈಯಾ ಎಂಬ ಸಣ್ಣ ಊರಿನಿಂದ ಬಾನುಲಿ ಕೇಂದ್ರಗಳಿಗೆ ಬರುತ್ತಿದ್ದ ಕೋರಿಕೆಯ ಪತ್ರಗಳು ಎಷ್ಟಿದ್ದವೆಂದರೆ, ಅಂಥದೊಂದು ಊರು ನಿಜವಾಗಿಯೂ ಇದೆಯೇ ಎಂದು ಕೇಳುಗರು ಸಂದೇಹಪಡುವಂತಾಗಿತ್ತು. 1957ರಲ್ಲಿ ವಿವಿಧ ಭಾರತಿ ಆರಂಭವಾದ ಮೇಲೆ ಆ ಊರಿನ ಹೆಸರು ಇನ್ನಷ್ಟು ಮನೆಗಳನ್ನು ಮುಟ್ಟಿತು. ಯಾವ ಗಣಿಯೂ ತಂದುಕೊಡದ ಕೀರ್ತಿಯನ್ನು ಆ ಊರಿಗೆ ಅಂಚೆಯ ಕಾರ್ಡು ತಂದುಕೊಟ್ಟಿತು. 1879ರಲ್ಲಿ ಕಾಲಾಣೆಯ ಬೆಲೆಯೊಂದಿಗೆ ನಮ್ಮ ದೇಶಕ್ಕೆ ಬಂದ ಈ ಕಾರ್ಡು, ದೂರದ ದೊಡ್ಡವರೊಂದಿಗೆ ಮಾತನಾಡುವ ಹಕ್ಕನ್ನು ಬಡವನ ಕೈಗೂ ಕೊಟ್ಟಿತೆಂಬುದನ್ನು ಮರೆಯಬಾರದು.

ನಮ್ಮ ಸೀಮೆಯಲ್ಲಿ ಬರವಣಿಗೆಯ ಅಭಿಮಾನ ಇಂದು ನಿನ್ನೆಯದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದರು. ಈ ಶಾಸನಗಳ ಕೊನೆಯಲ್ಲಿ ಲಿಪಿಕಾರನ ಹೆಸರಿದೆ. ಅವನು ಚಪಡ. ಬ್ರಾಹ್ಮೀ ಲಿಪಿಯಲ್ಲಿ ಚಕ್ರವರ್ತಿಯ ಮಾತನ್ನು ಬರೆದು ಮುಗಿಸಿದ ಮೇಲೆ, ತಾನು ಲಿಪಿಕಾರನೆಂಬ ಒಂದು ಪದವನ್ನು ಅವನು ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ, ಯಾರದೋ ಮಾತನ್ನು ನಿಷ್ಠೆಯಿಂದ ಬರೆದುಕೊಟ್ಟ ಒಬ್ಬ ಸಾಮಾನ್ಯ ನೌಕರನು ತನ್ನ ಹೆಸರೂ ಉಳಿಯಲೆಂದು ಆಶಿಸಿದನು, ಅದು ಉಳಿಯಿತು. ಹಿರಿಯರ ಮಾತಿನ ಕೆಳಗೆ ಕಿರಿಯನ ರುಜು ಇರುವುದು ಅಹಂಕಾರವಲ್ಲ. ಮಾತು ಒಬ್ಬನನ್ನು ಮುಟ್ಟಿತೆಂಬುದಕ್ಕೆ ಅದು ಸಾಕ್ಷಿ.

ಅಭಿಮಾನದ ಪಾತ್ರರಾದ ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರವೇ ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮ. ಅದೇ ಮನೆತನದ ಟಿ.ಎಸ್. ವೆಂಕಣ್ಣಯ್ಯನವರಿಗೆ ಅವರ ಶಿಷ್ಯರಾದ ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದರು. ಕನ್ನಡದ ಅತ್ಯಂತ ದೊಡ್ಡ ಅಭಿಮಾನದ ಪತ್ರ ಅದೇ ಎಂದರೆ ತಪ್ಪಾಗಲಾರದು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು ತೆಗೆದ ‘ನಾಗರಹಾವು’ ಚಿತ್ರ 1972ರ ಕೊನೆಯಲ್ಲಿ ತೆರೆಗೆ ಬಂದಾಗ, ದುರ್ಗದ ಕೋಟೆಯನ್ನು ನಾಡಿಗೆ ನಾಡೇ ಕಂಡಿತು. 1982ರಲ್ಲಿ ಬಂದ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆತದ್ದು 1985ರಲ್ಲಿ, ಅಷ್ಟರಲ್ಲಿ, 1984ರಲ್ಲಿಯೇ, ತ.ರಾ.ಸು. ನಮ್ಮನ್ನಗಲಿದ್ದರು. ಸರ್ಕಾರದ, ಸಂಸ್ಥೆಗಳ ಪ್ರಶಸ್ತಿ ತಡವಾಗಿ ಬರಬಹುದು. ಓದುಗನ ಕಾರ್ಡು ತಡಮಾಡುವುದಿಲ್ಲ. ಲೇಖಕನು ಬದುಕಿರುವಾಗಲೇ ಅವನ ಕೈಗೆ ತಲುಪುವ ಪ್ರಶಸ್ತಿ ಅದೊಂದೇ.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಅಭಿಮಾನವೂ ಸ್ತುತ್ಯವೆಂದು ನನ್ನ ವಾದವಲ್ಲ. ಅಭಿಮಾನವು ಗುಂಪಾದಾಗ ವಿವೇಕವನ್ನು ಕಳೆದುಕೊಳ್ಳುವ ಅಪಾಯವಿದೆ. ಅಭಿಮಾನಿಗಳನ್ನು ದೇವರೆಂದು ಕರೆದ ಡಾ. ರಾಜಕುಮಾರ್ ಅವರು 2006ರ ಏಪ್ರಿಲ್ 12ರಂದು ನಿಧನರಾದಾಗ, ಬೆಂಗಳೂರಿನಲ್ಲಿ ನಡೆದ ಗಲಭೆಯಲ್ಲಿ ಪ್ರಾಣಹಾನಿಯಾದದ್ದನ್ನು ನಾವು ನೋವಿನಿಂದ ನೆನೆಯಬೇಕಾಗಿದೆ. ಅದೇ ರಾಜಕುಮಾರ್ ಅವರು ತಮ್ಮ ಕಣ್ಣುಗಳನ್ನು ದಾನ ಮಾಡಿಹೋದರು. 2021ರಲ್ಲಿ ಅವರ ಕಿರಿಯ ಮಗ ಪುನೀತ್ ಅಕಾಲಿಕವಾಗಿ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಅದನ್ನು ಕಂಡು ಅಸಂಖ್ಯಾತ ಅಭಿಮಾನಿಗಳು ನೇತ್ರದಾನಕ್ಕೆ ಹೆಸರು ಬರೆಸಿದರು. ಅಭಿಮಾನ ಒಂದೇ, ಒಮ್ಮೆ ಅದು ಕಲ್ಲನ್ನು ಎತ್ತಿತು, ಇನ್ನೊಮ್ಮೆ ಕಣ್ಣನ್ನು ಕೊಟ್ಟಿತು. ನಾಡಿಗೆ ಮೊದಲನೆಯದರಿಂದ ದುಃಖ ದೊರೆಯಿತು, ಎರಡನೆಯದರಿಂದ ದಾಸೋಹ ದೊರೆಯಿತು. ಆದ್ದರಿಂದ ಒಂದು ಬಳಗವು ತನ್ನ ಸದಸ್ಯನನ್ನು ಹೊಗಳುವಾಗ ಕೇಳಬೇಕಾದ ಪ್ರಶ್ನೆ, ಎಷ್ಟು ಬರೆದನು ಎಂಬುದಲ್ಲ. ಬರೆದದ್ದರಿಂದ ಬಳಗದ ಇತರರಿಗೆ ಏನು ದೊರೆಯಿತು ಎಂಬುದು.

ನಮ್ಮ ನೇಕಾರನ ಪುಸ್ತಕದಲ್ಲಿ ಅದಕ್ಕೂ ಉತ್ತರವಿತ್ತು. ಹಾಡು ಬರೆದ ಕವಿಯ ಹೆಸರನ್ನು ಹೇಳದೆ ಗಾಯಕರ ಹೆಸರನ್ನಷ್ಟೇ ಹೇಳಿದಾಗ ವಿನಯದಿಂದ ನೆನಪಿಸಿದ ಪತ್ರಗಳು ಅನೇಕ. ಬಳಗಕ್ಕೆ ಹೊಸದಾಗಿ ಬಂದ ಹುಡುಗನ ಮೊದಲ ಪತ್ರ ಪ್ರಸಾರವಾದಾಗ ಅವನಿಗೆ ಬರೆದ ಮೆಚ್ಚುಗೆಯ ಕಾರ್ಡುಗಳು ಅನೇಕ. ಹೆಂಡತಿಯನ್ನು ಕಳೆದುಕೊಂಡು ಬರೆಯುವುದನ್ನೇ ನಿಲ್ಲಿಸಿದ್ದ ಗೆಳೆಯರೊಬ್ಬರಿಗೆ ಆರು ತಿಂಗಳು ಬಿಡದೆ ಬರೆದ ಕಾರ್ಡುಗಳೂ ಅದೇ ಸಾವಿರದಲ್ಲಿ ಸೇರಿದ್ದವು. ಆ ಗೆಳೆಯರೇ ಅಂದು ಶಾಲನ್ನು ಹೊದಿಸಿದವರು. ನನ್ನ ಪಕ್ಕದ ಹಿರಿಯರಿಗೆ ಈ ಸಂಗತಿ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಲವತ್ತು ಜನರಲ್ಲಿ ಶಾಲಿನ ಅರ್ಥ ಪೂರ್ತಿಯಾಗಿ ಗೊತ್ತಿದ್ದದ್ದು ಕೊಟ್ಟವರಿಗೂ ಪಡೆದವರಿಗೂ ಮಾತ್ರ.

ಇನ್ನು ಉಳಿಯುವಿಕೆಯ ಪ್ರಶ್ನೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಅರವತ್ತೆಂಟು ಸಾವಿರ ವಚನಗಳನ್ನು ಹಾಡಿದರೆಂಬುದು ಪರಂಪರೆಯ ಹೇಳಿಕೆ. ಇಂದು ನಮಗೆ ದೊರೆತಿರುವುದು ಅದರ ಅತ್ಯಲ್ಪ ಭಾಗ. ಉಳಿದದ್ದಾದರೂ ಉಳಿದದ್ದು ಯಾರಿಂದ? ಮಠಗಳ, ಮನೆಗಳ ಜಂತಿಯಲ್ಲಿ ಹೊಗೆ ಕುಡಿಯುತ್ತಿದ್ದ ತಾಳೆಯೋಲೆಗಳನ್ನು ಹುಡುಕಿ ತೆಗೆದವರಿಂದ. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಇದಕ್ಕಾಗಿ ತಮ್ಮ ಮನೆಯನ್ನೇ ಮಾರಿದರೆಂದು ಹಿರಿಯರು ಹೇಳುತ್ತಾರೆ. ಬರೆದವರಷ್ಟೇ ಉಳಿಸಿದವರೂ ಪೂಜ್ಯರೆಂಬುದನ್ನು ಅವರ ಬಾಳು ನಮಗೆ ಕಲಿಸುತ್ತದೆ.

ಇಂದು ಅಭಿಮಾನಿ ಬಳಗಗಳು ಅಂಚೆಯ ಡಬ್ಬಿಯನ್ನು ಬಿಟ್ಟು ಅಂಗೈಯಲ್ಲಿನ ದೂರವಾಣಿಯೊಳಕ್ಕೆ ಸೇರಿವೆ. ಅಲ್ಲಿಯೂ ಸಾವಿರ, ಹತ್ತು ಸಾವಿರ ಬರಹಗಳನ್ನು ಪೂರೈಸಿದವರಿಗೆ ಅಭಿನಂದನೆ ಸಲ್ಲುತ್ತದೆ. ಯಂತ್ರವೇ ಎಣಿಸಿಕೊಡುವುದರಿಂದ ಎಣಿಕೆ ಸುಲಭವಾಗಿದೆ. ಉಳಿಸುವುದು ಮಾತ್ರ ಕಷ್ಟವಾಗಿದೆ. ನಮ್ಮ ಯುವಕರಲ್ಲಿ ಬಹು ಜನಪ್ರಿಯವಾಗಿದ್ದ ಆರ್ಕುಟ್ ಎಂಬ ಜಾಲವನ್ನು 2014ರಲ್ಲಿ ಅದರ ಒಡೆಯರು ಮುಚ್ಚಿದರು. ಯಾಹೂ ಸಂಸ್ಥೆಯ ಗುಂಪುಗಳು 2020ರಲ್ಲಿ ಮುಚ್ಚಿಹೋದುವು. ತಾಳೆಯೋಲೆಯನ್ನು ತಿನ್ನಲು ಗೆದ್ದಲಿಗೆ ನೂರು ವರ್ಷ ಬೇಕಾಗಿತ್ತು. ಇಲ್ಲಿ ದೂರದ ಕಚೇರಿಯೊಂದರ ಒಂದು ನಿರ್ಣಯ ಸಾಕು. ತರುಣರು ಸಾವಿರದ ಬರಹದ ಹಬ್ಬವನ್ನು ಆಚರಿಸಲಿ, ಸಂತೋಷ. ಆ ಸಾವಿರದಲ್ಲಿ ಹತ್ತನ್ನಾದರೂ ಕಾಗದಕ್ಕೆ ಇಳಿಸಿಡಲಿ ಎಂಬುದು ಈ ಮುದುಕನ ಬಿನ್ನಹ.

ಈಗ ಸಂಸ್ಥೆಯ ಹಿತೈಷಿಗಳಲ್ಲಿ ಮೂರು ಸಲಹೆಗಳನ್ನು ಇಡಬಯಸುತ್ತೇನೆ.

ಮೊದಲನೆಯದು ಅಧ್ಯಾಪಕರಿಗೆ. ತಿಂಗಳಿಗೊಮ್ಮೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಮೆಚ್ಚಿದ ಲೇಖಕನಿಗೋ ಗಾಯಕನಿಗೋ ಆಟಗಾರನಿಗೋ ತನ್ನೂರಿನ ಕೆರೆ ತೋಡಿದ ಕೂಲಿಯವನಿಗೋ ಕನ್ನಡದಲ್ಲಿ ಒಂದು ಪತ್ರ ಬರೆಯಲಿ. ಅಂಕಗಳಿಗಾಗಿ ಅಲ್ಲ, ಅಂಚೆಗೆ ಹಾಕುವುದಕ್ಕಾಗಿ. ಮೆಚ್ಚುವುದನ್ನು ಕಲಿಯದ ವಿದ್ಯೆ ಅರ್ಧ ವಿದ್ಯೆ.

ಎರಡನೆಯದು ಹಳೆಯ ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಲೆಕ್ಕದ ಪುಸ್ತಕವಿದ್ದರೆ, ಹಳೆಯ ಪತ್ರಗಳ ಕಟ್ಟಿದ್ದರೆ, ರದ್ದಿಗೆ ಹಾಕುವ ಮುನ್ನ ಶಾಲೆಯ ಗ್ರಂಥಭಂಡಾರಕ್ಕೆ ತಂದುಕೊಡಿ. ಒಂದು ಬೀರು ಅದಕ್ಕಾಗಿ ಮೀಸಲಾಗಲಿ. ನಮ್ಮ ಸೀಮೆಯ ಜನ ಏನನ್ನು ಕೇಳಿ ನಕ್ಕರು, ಯಾವ ಹಾಡಿಗೆ ಕಣ್ಣೊರಸಿಕೊಂಡರು, ಬರದ ವರ್ಷದಲ್ಲಿ ಪತ್ರಿಕೆಗೆ ಏನೆಂದು ಮೊರೆಯಿಟ್ಟರು ಎಂಬ ಚರಿತ್ರೆಯನ್ನು ಮುಂದಿನವರು ಆ ಬೀರುವಿನಿಂದಲೇ ಬರೆಯಬೇಕಾದೀತು.

ಮೂರನೆಯದನ್ನು ದಾನಿಗಳಲ್ಲಿ ತುಸು ಸಂಕೋಚದಿಂದಲೇ ಅರಿಕೆ ಮಾಡುತ್ತೇನೆ. ನಿಮ್ಮ ಔದಾರ್ಯದಿಂದ ಈ ಕಟ್ಟಡಗಳು ಎದ್ದಿವೆ. ನಿಮ್ಮ ಹೆಸರುಗಳು ಈ ಸಂಚಿಕೆಯಲ್ಲಿ ಮೊತ್ತದ ಅನುಕ್ರಮದಲ್ಲಿ ಅಚ್ಚಾಗುತ್ತವೆ. ಅದು ಯೋಗ್ಯವೇ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಪುಟವಿರಲಿ. ಪ್ರತಿ ವರ್ಷವೂ ತಪ್ಪದೆ ಹತ್ತು ರೂಪಾಯಿ ಕೊಟ್ಟವರು, ಪ್ರತಿ ಸೋಮವಾರ ಪ್ರಸಾದ ನಿಲಯಕ್ಕೆ ಒಂದು ಹಿಡಿ ಸೊಪ್ಪು ತಂದವರು, ಇಪ್ಪತ್ತು ವರ್ಷ ಗಂಟೆ ಬಾರಿಸಿದವರು, ಅವರ ಹೆಸರುಗಳು ಕಾಲದ ಅನುಕ್ರಮದಲ್ಲಿ ಆ ಪುಟದಲ್ಲಿ ಬರಲಿ. ನಾಯಕನಹಟ್ಟಿಯಲ್ಲಿ ನೆಲೆನಿಂತ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟೆಗಳನ್ನು ಕಟ್ಟಿಸಿ, ಮಾಡಿದ ಕೆಲಸಕ್ಕೆ ತಕ್ಕ ಪ್ರತಿಫಲವೆಂಬ ತತ್ತ್ವವನ್ನು ಈ ನೆಲದಲ್ಲಿ ಊರಿಹೋದರು. ಕೊಟ್ಟವರ ಗಂಟನ್ನಷ್ಟೇ ಅಲ್ಲದೆ ದುಡಿದವರ ದಿನಗಳನ್ನೂ ಎಣಿಸುವುದು ಅವರ ಸೀಮೆಯ ಶಾಲೆಗೆ ಭೂಷಣವಾದೀತು.

ನನ್ನ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿದ ಹಿರಿಯರು ಈಗ ಲಿಂಗೈಕ್ಯರಾಗಿದ್ದಾರೆ. ಸನ್ಮಾನವಾದ ಮರುವಾರ ಅವರ ಮನೆಗೂ ಒಂದು ಕಾರ್ಡು ಬಂದಿತ್ತಂತೆ. ಸಮಾರಂಭಕ್ಕೆ ದಯಮಾಡಿಸಿ ಹರಸಿದ್ದಕ್ಕೆ ವಂದನೆ ಎಂಬ ನಾಲ್ಕು ಸಾಲು, ಮೂಲೆಯಲ್ಲಿ ಸಾವಿರದ ಒಂದು ಎಂಬ ಸಂಖ್ಯೆ. ಆ ಕಾರ್ಡನ್ನು ಅವರು ಕೊನೆಯವರೆಗೂ ಪೂಜೆಯ ಕೋಣೆಯ ಗೂಡಿನಲ್ಲಿ ಇಟ್ಟುಕೊಂಡಿದ್ದರೆಂದು ಅವರ ಸೊಸೆ ನನಗೆ ತಿಳಿಸಿದಳು. “ಯಾರೂ ನಂಗೆ ಕಾಗ್ದ ಬರ್ದೇ ಇರ್ಲಿಲ್ಲ ಕಣಮ್ಮ” ಎಂದು ಒಮ್ಮೆ ಅಂದಿದ್ದರಂತೆ.

ಅವರ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಆ ಕಾರ್ಡು ನನಗಿಂತ ಮೊದಲೇ ಕೊಟ್ಟಿತ್ತು.